ಸಂಡೂರು ನೋಡೋಕೆ ಸೆಪ್ಟೆಂಬರೇ ಯಾಕೆ? ಮೇ ತಿಂಗಳ ಸುಖ ಹೇಳುತ್ತೀನಿ, ಬನ್ನಿ

ಗಂಡಿಗಾಳಿ (ಸಂಡೂರು)

ಮಳೆಗಾಲ ಶುರುವಾದರೆ ಸಾಕು, ಮೊಬೈಲ್ ತುಂಬಾ ನಮ್ಮೂರಿನದೇ ಫೋಟೋ. ಹಸಿರು ಗುಡ್ಡ, ಮಂಜು, ಅದರ ಕೆಳಗೆ ಅದೇ ಮಾತು: ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ದರು, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಅಂದಿದ್ದರಂತೆ. ಸೆಪ್ಟೆಂಬರ್ ಚೆನ್ನಾಗಿರುತ್ತದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅದು ಬಂದು ಹೋಗುವವರ ಕಾಲ. ಭಾನುವಾರ ಕುಮಾರಸ್ವಾಮಿ ಗುಡ್ಡದ ದಾರಿಯಲ್ಲಿ ಬೈಕು, ಕಾರು, ಸೆಲ್ಫಿ ಕೋಲು. ನಮ್ಮೂರು ನಮಗೇ ಅಂತ ಸಿಗುವುದು ಬೇಸಿಗೆಯಲ್ಲಿ.

ಬಳ್ಳಾರಿ ಜಿಲ್ಲೆಯ ಬೇಸಿಗೆ ಅಂದರೆ ಹೊರಗಿನವರು ನಗುತ್ತಾರೆ. ನಗಲಿ. ಅವರಿಗೆ ಗೊತ್ತಿಲ್ಲದ್ದು ಒಂದಿದೆ. ನಮ್ಮ ಊರಿಗೆ ಎರಡೂ ಕಡೆ ಉದ್ದಕ್ಕೆ ಗುಡ್ಡದ ಸಾಲು. ಬೆಳಿಗ್ಗೆ ಸೂರ್ಯ ಮೂಡಲ ಗುಡ್ಡ ಹತ್ತಿ ಬರುವುದು ತಡ, ಸಂಜೆ ಪಡುವಲ ಗುಡ್ಡದ ಹಿಂದೆ ಇಳಿಯುವುದು ಬೇಗ. ಬಳ್ಳಾರಿಯಲ್ಲಿ ಇನ್ನೂ ಬಿಸಿಲು ಗೋಡೆ ಸುಡುತ್ತಿರುವಾಗ ನಮ್ಮ ಅಂಗಳಕ್ಕೆ ನೆರಳು ಬಂದು ಕೂತಿರುತ್ತದೆ. ಆ ಸಂಜೆ ಹೊತ್ತು ನಮ್ಮ ಆಸ್ತಿ ಅಂದುಕೊಳ್ಳಿ. ಅಂಗಳಕ್ಕೆ ನೀರು ಚಿಮುಕಿಸುವುದು, ಹೊರಸು ಹೊರಗೆ ಎಳೆಯುವುದು, ಯಾರಾದರೂ ಹುಡುಗನನ್ನು ಓಡಿಸಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತರಿಸುವುದು. ಅಷ್ಟರಲ್ಲಿ ಎದುರು ಮನೆಯವರೂ ಹೊರಗೆ ಬಂದಿರುತ್ತಾರೆ, ಮಾತು ಶುರುವಾದರೆ ದೀಪ ಹಚ್ಚುವುದೂ ಮರೆತುಹೋಗುತ್ತದೆ.

ಇನ್ನು ಹೊಂಗೆ ಮರ. ಗುಡ್ಡವೆಲ್ಲ ಕಂದು ಬಣ್ಣಕ್ಕೆ ತಿರುಗಿ ಒಣಗಿ ನಿಂತಿರುವಾಗ ಹೊಂಗೆಗೆ ಮಾತ್ರ ಏಪ್ರಿಲ್‌ನಲ್ಲಿ ಎಳೆ ಹಸಿರು ಚಿಗುರು. ಅದರ ಕೆಳಗೆ ಮಧ್ಯಾಹ್ನ ಒಂದು ಟವೆಲ್ ಹಾಸಿಕೊಂಡು ಮಲಗಿದವನಿಗೆ ನಾನು ಬೇರೆ ಏನೂ ವಿವರಿಸಬೇಕಾಗಿಲ್ಲ.

ನಿಮ್ಮ ನಿಮ್ಮ ಬೇಸಿಗೆ ಸುಖ ಬರೆಯಿರಿ. ಒಂದೇ ನಿಯಮ. ದುಡ್ಡು ಕೊಟ್ಟು ಕೊಳ್ಳುವ ತಂಪು ಲೆಕ್ಕಕ್ಕಿಲ್ಲ. ಎ.ಸಿ., ಕೂಲರ್, ಊಟಿ ಪ್ರವಾಸ, ಎಲ್ಲ ಹೊರಗಿಡಿ.

ಕೃಷ್ಣೆ ದಂಡೆ (ರಾಯಚೂರು)

ಅಣ್ಣಾ, ಗುಡ್ಡದ ನೆರಳಲ್ಲಿ ಕೂತು ಬೇಸಿಗೆ ಹೊಗಳುವುದು ಸುಲಭ. ನಮ್ಮ ರಾಯಚೂರಿಗೆ ಬನ್ನಿ ಒಮ್ಮೆ. ರಾತ್ರಿ ಹತ್ತಕ್ಕೆ ನಲ್ಲಿ ತಿರುಗಿಸಿದರೂ ಬಿಸಿನೀರು, ಗೀಸರ್ ಯಾಕೆ ಬೇಕು ಹೇಳಿ. ಕಷ್ಟಕ್ಕೆ ಸುಖ ಅಂತ ಹೆಸರಿಟ್ಟುಕೊಂಡು ಸಮಾಧಾನ ಮಾಡಿಕೊಳ್ಳುವುದು ನಮ್ಮ ಕಡೆಯವರಿಗೆ ಚಟ ಆಗಿಬಿಟ್ಟಿದೆ, ಅಷ್ಟೇ.

ಆದರೂ ಒಂದು ಒಪ್ಪುತ್ತೇನೆ. ರಸ್ತೆ ಬದಿ ತಾಟಿ ಮುಂಜಲು, ಅಂದರೆ ಎಳೆ ತಾಳೆಕಾಯಿಯ ತಿರುಳು. ಕುಡುಗೋಲಿನಿಂದ ಕಾಯಿಯ ತಲೆ ಕತ್ತರಿಸಿ ಒಂದೊಂದೇ ಕಣ್ಣು ಬಿಡಿಸಿ ಎಲೆಯ ಮೇಲೆ ಇಡುತ್ತಾರಲ್ಲ, ಬೆಳಿಗ್ಗೆಯೇ ಹೋಗಿ ಎಳೆಯದು ಆರಿಸಿ ತಿನ್ನಬೇಕು. ಬಲಿತದ್ದನ್ನು ತಿಂದರೆ ರಬ್ಬರ್ ಅಗಿದಂತೆ. ಸಿಪ್ಪೆಯ ಒಗರು ಇದೆ ಅಂತ ಸುಲಿದು ತಿನ್ನುವವರನ್ನು ಕಂಡರೆ ನನಗೆ ಸಿಟ್ಟು.

ಲೆಕ್ಕದ ಮೇಷ್ಟ್ರು (ತೋರಣಗಲ್ಲು)

ಸಂಡೂರು ತಂಪು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಎಷ್ಟು ತಂಪು, ಯಾಕೆ ತಂಪು ಅಂತ ಯಾರೂ ಹೇಳುವುದಿಲ್ಲ. ಗಾಳಿ ಮೇಲೆ ಹೋದಂತೆ ಸರಾಸರಿ 1,000 ಮೀಟರಿಗೆ ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಸಂಡೂರು ಪೇಟೆ ಬಳ್ಳಾರಿಗಿಂತ ಹೆಚ್ಚೇನೂ ಎತ್ತರದಲ್ಲಿಲ್ಲ, ಆ ಲೆಕ್ಕದಲ್ಲಿ ಒಂದು ಡಿಗ್ರಿಯೂ ಸಿಗುವುದಿಲ್ಲ. ರಾಮನದುರ್ಗದ ಮೇಲೆ ಹೋದರೆ ಬಳ್ಳಾರಿಗಿಂತ ಸುಮಾರು 500 ಮೀಟರ್ ಮೇಲೆ, ಅಲ್ಲಿ ಮೂರು ಡಿಗ್ರಿಯ ಸುತ್ತಮುತ್ತ ವ್ಯತ್ಯಾಸ ಬರುತ್ತದೆ. ಬ್ರಿಟಿಷರು ಬಳ್ಳಾರಿ ದಂಡಿನ ಸೈನಿಕರನ್ನು ಆರೋಗ್ಯ ಸುಧಾರಿಸಿಕೊಳ್ಳಲು ರಾಮನದುರ್ಗಕ್ಕೆ ಕಳಿಸುತ್ತಿದ್ದದ್ದು ಸುಮ್ನೆ ಅಲ್ಲ.

ಹಾಗಾದರೆ ಪೇಟೆಯಲ್ಲಿ ತಂಪು ಎಲ್ಲಿಂದ? ಒಂದು, ಗಂಡಿಗಾಳಿಯವರು ಹೇಳಿದ ಗುಡ್ಡದ ನೆರಳು. ಇನ್ನೊಂದು, ರಾತ್ರಿ ಇಳಿಯುವ ಗಾಳಿ. ಹೊತ್ತು ಮುಳುಗಿದ ಮೇಲೆ ಗುಡ್ಡದ ಮೈ ಬೇಗ ಆರುತ್ತದೆ, ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗಿ ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ. ಮಧ್ಯರಾತ್ರಿ ಕಳೆದ ಮೇಲೆ ಹೊದಿಕೆ ಹುಡುಕುತ್ತೀರಲ್ಲ, ಅದು ಈ ಗಾಳಿ. ಗಂಡಿಗಳ, ಅಂದರೆ ಗುಡ್ಡದ ನಡುವಿನ ಸಂದುಗಳ ಹತ್ತಿರ ಜಾಸ್ತಿ ಬೀಸುತ್ತದೆ, ಯಾಕಂದರೆ ಹೋಗಲು ದಾರಿ ಕಿರಿದು. ಉಬ್ಬಳಗಂಡಿ, ಭೀಮಗಂಡಿ ಕಡೆ ಸಂಜೆ ನಿಂತು ನೋಡಿದವರಿಗೆ ಗೊತ್ತು.

ಗಂಡಿಗಾಳಿ (ಸಂಡೂರು)

ಮೇಷ್ಟ್ರೇ, ನಾನು ಈ ಹೆಸರು ಇಟ್ಟುಕೊಂಡಿದ್ದಕ್ಕೆ ಇವತ್ತು ಆಧಾರ ಸಿಕ್ಕಿತು ನೋಡಿ. ನಾರಿಹಳ್ಳ ಗುಡ್ಡ ಸೀಳಿದ ಆ ಜಾಗದಲ್ಲಿ ಬೇಸಿಗೆಯಲ್ಲಿ ನೀರು ಕಡಿಮೆ, ಗಾಳಿಗೆ ಮಾತ್ರ ಬರ ಇಲ್ಲ.

ಮಾಳಿಗೆ ಮನೆ (ಕೊಪ್ಪಳ)

ಸಂಡೂರಿನವರು ಸಂಜೆ ಅಂತೀರಿ, ನಾನು ರಾತ್ರಿ ಅಂತೀನಿ. ನಮ್ಮದು ಮಣ್ಣಿನ ಮಾಳಿಗೆ ಮನೆ. ಈಗ ಓಣಿಯಲ್ಲಿ ಆರ್‌ಸಿಸಿ ಆಗದೆ ಉಳಿದದ್ದು ನಮ್ಮದು ಮತ್ತು ಪಕ್ಕದ ದೊಡ್ಡಮ್ಮನ ಮನೆ ಮಾತ್ರ. ಆರ್‌ಸಿಸಿ ಸೂರು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಮನೆಯೊಳಗೆ ಕಕ್ಕುತ್ತದೆ. ಮಣ್ಣಿನ ಮಾಳಿಗೆ ಹಾಗಲ್ಲ, ಅಷ್ಟು ದಪ್ಪ ಮಣ್ಣು ದಾಟಿ ಬಿಸಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ.

ರಾತ್ರಿ ಊಟ ಆದ ಮೇಲೆ ಮಾಳಿಗೆ ಹತ್ತಿದರೆ ಇಡೀ ಓಣಿ ಮೇಲೆಯೇ ಇರುತ್ತದೆ. ಮಾಳಿಗೆಯಿಂದ ಮಾಳಿಗೆಗೆ ಮಾತು. ಯಾರ ಮನೆ ಮದುವೆ ಎಲ್ಲಿಗೆ ಬಂತು, ಯಾರ ಮಗ ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ತೆಗೆದ, ಹುಲಿಗಿ ಜಾತ್ರೆಗೆ ಯಾವ ದಿನ ಹೋಗುವುದು, ಎಲ್ಲ ಅಲ್ಲೇ ತೀರ್ಮಾನ. ಮಕ್ಕಳು ಸಪ್ತರ್ಷಿ ಮಂಡಲ ಎಣಿಸುತ್ತಾ ಏಳು ಮುಗಿಯುವ ಮೊದಲೇ ನಿದ್ದೆ ಹೋಗಿರುತ್ತಾರೆ. ಬೆಳಗಿನ ಜಾವ ತಣ್ಣಗಿನ ಗಾಳಿಗೆ ಎಚ್ಚರಾದರೆ ಕೌದಿ ಎಳೆದುಕೊಂಡು ಮತ್ತೆ ಮಗ್ಗಲು. ಬಿಸಿಲು ಮುಖಕ್ಕೆ ಬೀಳುವವರೆಗೆ ಯಾರೂ ಏಳಿಸುವುದಿಲ್ಲ.

ಅಂದ ಹಾಗೆ ಮಾವಿನ ಹಣ್ಣಿನ ಮಾತು ಬಂದರೆ ಕೊಪ್ಪಳದವರನ್ನು ಕೇಳದೆ ಮುಂದೆ ಹೋಗಬೇಡಿ. ನಮ್ಮ ಕೇಸರ್ ಮಾವು ತಿಂದು ನೋಡಿ ಆಮೇಲೆ ರತ್ನಗಿರಿ ಆಪೂಸ್ ಅನ್ನಿ.

ಉಪ್ಪಿನಕಾಯಿ ಭರಣಿ (ಬಳ್ಳಾರಿ)

ಎಲ್ಲ ಚೆನ್ನಾಗಿ ಬರೆದಿದ್ದೀರಿ ತಂಗಿ, ಆದರೆ ಆ ಹಾಸಿಗೆ ಮೇಲೆ ಹೊತ್ತವರು ಯಾರು, ಬೆಳಿಗ್ಗೆ ಸುತ್ತಿ ಕೆಳಗೆ ತಂದವರು ಯಾರು? ಬೇಸಿಗೆ ಸುಖ ಅಂತ ಗಂಡಸರು ಬರೆದರೆ ಅದು ಹೊಂಗೆ ನೆರಳು, ಹೊರಸು, ಮಿರ್ಚಿ. ನಮ್ಮ ಪಾಲಿಗೆ ಬೇಸಿಗೆ ಅಂದರೆ ವರ್ಷಕ್ಕಾಗುವಷ್ಟು ಕೆಲಸ. ಖಾರದಪುಡಿ ಕುಟ್ಟಿಸಬೇಕು, ಹುಣಸೆಹಣ್ಣು ಬೀಜ ಬಿಡಿಸಿ ಉಪ್ಪು ಹಾಕಿ ತುಂಬಬೇಕು, ಶಾವಿಗೆ, ಹಪ್ಪಳ, ಸಂಡಿಗೆ, ಆಮೇಲೆ ಉಪ್ಪಿನಕಾಯಿ.

ಹಾಗಂತ ಅದರಲ್ಲಿ ಸುಖ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸಂಡಿಗೆ ದಿನ ನಸುಕಿನಲ್ಲೇ ಏಳಬೇಕು. ಅಕ್ಕಿ ಹಿಟ್ಟಿನ ಗಂಜಿಗೆ ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಮಗುಚುತ್ತಾ ಇದ್ದರೆ ಓಣಿಯ ಮಕ್ಕಳೆಲ್ಲ ತಟ್ಟೆ ಹಿಡಿದು ಬರುತ್ತಾರೆ. ಬಿಸಿ ಗಂಜಿಗೆ ಎಣ್ಣೆ ಹಾಕಿಕೊಂಡು ತಿನ್ನುವುದೇ ಅವರಿಗೆ ಹಬ್ಬ. ಕಾಲುಭಾಗ ಹೊಟ್ಟೆಗೇ ಹೋಗುತ್ತದೆ, ಅಷ್ಟು ಲೆಕ್ಕ ಹಾಕಿಯೇ ಮಾಡುತ್ತೇವೆ. ಹಳೇ ಸೀರೆ ಮಾಳಿಗೆ ಮೇಲೆ ಹಾಸಿ ಬಿಸಿಲೇರುವ ಮುಂಚೆ ಇಟ್ಟು ಮುಗಿಸಬೇಕು. ಮೂಲೆಗೆ ಕಲ್ಲಿಡಬೇಕು, ಕಾಗೆಗೆ ಕಪ್ಪು ಬಟ್ಟೆ ಕಟ್ಟಬೇಕು, ಅಜ್ಜಿಯನ್ನು ಕಾವಲು ಕೂರಿಸಬೇಕು. ಬಳ್ಳಾರಿ ಬಿಸಿಲಿಗೆ ಎರಡೇ ದಿನಕ್ಕೆ ಗಲಗಲ ಅನ್ನುತ್ತದೆ. ಮಲೆನಾಡಿಗೆ ಕೊಟ್ಟ ನನ್ನ ತಂಗಿ ಈ ಬಿಸಿಲಿಗಾಗಿ ಅಳುತ್ತಾಳೆ ನೋಡಿ, ಅಲ್ಲಿ ಅವಳ ಸಂಡಿಗೆ ಒಣಗುವುದರೊಳಗೆ ಮೋಡ ಬಂದಿರುತ್ತದೆ.

ಮಾವಿನಕಾಯಿಗೆ ನಮ್ಮ ಮನೆಯಲ್ಲಿ ಆಂಧ್ರದವರ ಹಾಗೆ ಸಾಸಿವೆ ಪುಡಿ, ಖಾರ, ಎಣ್ಣೆ ಜಾಸ್ತಿ. ಕಾಯಿ ತೊಳೆದ ಮೇಲೆ ಒಂದು ಹನಿ ನೀರು ಉಳಿಯಬಾರದು, ಒರೆಸಿ ಒರೆಸಿ ಕೈ ನೋಯುತ್ತದೆ. ಕಲಸಿದ ಪರಾತದಲ್ಲಿ ಉಳಿದ ಖಾರಕ್ಕೆ ಬಿಸಿ ಅನ್ನ ಹಾಕಿ ಕಲಸಿ ಎಲ್ಲರಿಗೂ ಒಂದೊಂದು ತುತ್ತು ಕೊಡುತ್ತಾರಲ್ಲ, ಆ ತುತ್ತಿಗೆ ಅಷ್ಟು ಕೆಲಸವೂ ವಸೂಲು.

ಮಾಳಿಗೆ ಮನೆ (ಕೊಪ್ಪಳ)

ಅಕ್ಕಾ, ಹಾಸಿಗೆ ಹೊರುವುದು ನಾನೇ. ನಮ್ಮೆಜಮಾನರು ದಿಂಬು ಮಾತ್ರ ಹಿಡಿದು ಬರುತ್ತಾರೆ, ಅದೂ ತಮ್ಮದೊಂದೇ.

ಲಾರಿ ರೋಡ್ (ಸಂಡೂರು ತಾಲ್ಲೂಕು)

ಎಲ್ಲರೂ ಸಿಹಿ ಸಿಹಿ ಬರೆದಿದ್ದೀರಿ. ನಮ್ಮ ಮನೆ ಅದಿರಿನ ಲಾರಿ ಓಡುವ ರಸ್ತೆಯ ಪಕ್ಕ. ಬೇಸಿಗೆಯಲ್ಲಿ ಬಿಳಿ ಅಂಗಿ ಒಣಹಾಕಿದರೆ ಸಂಜೆಗೆ ಕಾವಿ. ತುಳಸಿ ಎಲೆ ಮೇಲೆ ಕೆಂಪು ದೂಳು, ಹೊಲದ ಜೋಳದ ಮೇಲೆ ಕೆಂಪು ದೂಳು. ನೀರು ಚಿಮುಕಿಸಿ ಹೊರಸು ಹಾಕಿ ಕೂರುವ ಸುಖ ಇದ್ದರೆ ಅದು ರಸ್ತೆಯಿಂದ ದೂರ ಇರುವವರಿಗೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಬಂದ ಬೇಸಿಗೆಯಲ್ಲಿ ನಮ್ಮ ಬಾಗಿಲು ಹಗಲು ಹೊತ್ತಿನಲ್ಲಿ ತೆರೆದಿರುತ್ತಿತ್ತು. ಆಗ ನನ್ನ ಅಣ್ಣನಿಗೆ ಕೆಲಸ ಇರಲಿಲ್ಲ, ಅದೂ ನಿಜ. ಎರಡನ್ನೂ ಹೇಳಬೇಕು ಅನ್ನಿಸಿತು, ಹೇಳಿದೆ.

ಗಂಡಿಗಾಳಿ (ಸಂಡೂರು)

ತಮ್ಮಾ, ನೀನು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಒಂದೂ ಇಲ್ಲ. ಊರಿನ ಹೊಟ್ಟೆ ತುಂಬಿದ್ದೂ ಅದೇ ಕೆಂಪು ಮಣ್ಣು, ಕೆಮ್ಮಿಸಿದ್ದೂ ಅದೇ. ಕೆರೆ ಕಡೆ ಬಾ ಸಂಜೆ, ನಮ್ಮ ಮನೆ ಅಂಗಳದಲ್ಲಿ ಹೊರಸು ಇನ್ನೊಂದು ಇದೆ.

ತಾಂಡಾದವಳು

ನಾನು ಸಂಡೂರು ಹತ್ತಿರದ ತಾಂಡಾದವಳು. ನಮ್ಮಲ್ಲಿ ಬೇಸಿಗೆಯ ಸುಖ ಬೇರೆ. ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಅಂತ ಊರು ಬಿಟ್ಟು ಹೋದವರು ಬೇಸಿಗೆಯಲ್ಲಿ ವಾಪಸ್ ಬರುತ್ತಾರೆ. ಚಳಿಗಾಲದಲ್ಲಿ ತಾಂಡಾ ಅಂದರೆ ಮುದುಕರು ಮತ್ತು ಬೀಗ. ಏಪ್ರಿಲ್ ಬಂತು ಅಂದರೆ ಬೀಗ ಒಂದೊಂದೇ ತೆರೆಯುತ್ತದೆ. ಮದುವೆ, ಸೇವಾಲಾಲರ ಭಜನೆ, ರಾತ್ರಿಯೆಲ್ಲ ಹಾಡು. ಅಪ್ಪ ಅವ್ವ ಮನೆಯಲ್ಲಿದ್ದಾರೆ ಅನ್ನುವುದೇ ಮಕ್ಕಳಿಗೆ ರಜೆ.

ಮಧ್ಯಾಹ್ನ ಎಲ್ಲೂ ಹೋಗಲು ಆಗುವುದಿಲ್ಲ, ಬೇವಿನ ಮರದ ಕೆಳಗೆ ಕೂತು ಕಸೂತಿ ಹಾಕುತ್ತೇವೆ. ಕನ್ನಡಿ, ಕವಡೆ, ಬಣ್ಣದ ದಾರ. ಅಜ್ಜಿಯರು ಗೆರೆ ಎಳೆಯದೆ ನೇರ ಹೊಲಿಯುತ್ತಾರೆ, ನಮಗೆ ಚಾಕ್ ಬೇಕು. ಸಂಡೂರು ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಇದೆ, ಗೊತ್ತಿರಬಹುದು. 2023ರಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1,755 ವಸ್ತು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಆಯಿತು. ಬೇರೆ ದೇಶದವರು ಬಂದು ನೋಡಿದರು. ನಮ್ಮ ಮರದ ಕೆಳಗೆ ಮಾತ್ರ ಅದರ ಮಾತಿಗಿಂತ ಯಾರ ಹೊಲಿಗೆ ನೇರ ಇಲ್ಲ ಅನ್ನುವುದರದ್ದೇ ಜಗಳ ಜಾಸ್ತಿ.

ಸೊಂಡೂರು ಬಿಟ್ಟವ (ಈಗ ಬೆಂಗಳೂರು)

ಆಫೀಸಿನಲ್ಲಿ ಕೂತು ಓದಿದೆ. ಎದುರಿಗೆ ಎ.ಸಿ., ಮೈಗೆ ಸ್ವೆಟರ್. ಅಣ್ಣಾ, ಕುಮಾರಸ್ವಾಮಿ ಗುಡಿ ಮರೆತಿರಾ? ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಹೋದರೆ ನಾನು ದೇವರಿಗಿಂತ ಮೊದಲು ಕಲ್ಲಿನ ನೆಲಕ್ಕೆ ಅಡ್ಡಬೀಳುತ್ತಿದ್ದೆ. ಅಲ್ಲೇ ಪಕ್ಕದ ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು ಅಂತ ಆಮೇಲೆ ಓದಿ ತಿಳಿದದ್ದು. ಆಗ ಗೊತ್ತಿದ್ದದ್ದು ಇಷ್ಟೇ, ಹೊರಗೆ ಅಂಗಳದ ಕಲ್ಲು ಕಾಲು ಸುಡುತ್ತದೆ, ಒಳಗಿನ ಕಲ್ಲು ಕೆನ್ನೆಗೆ ತಣ್ಣಗೆ.

ಒಂದು ಪ್ರಶ್ನೆ. ಇಲ್ಲಿ ಮಣ್ಣಿನ ಗಡಿಗೆ ತಂದಿಟ್ಟಿದ್ದೇನೆ, ನೀರು ತಣ್ಣಗೆ ಆಗುವುದೇ ಇಲ್ಲ. ಊರಿನ ಹರವಿಯ ನೀರಿಗೆ ಹಲ್ಲು ಜುಮ್ ಅನ್ನುತ್ತಿತ್ತು. ಯಾಕೆ?

ಲೆಕ್ಕದ ಮೇಷ್ಟ್ರು (ತೋರಣಗಲ್ಲು)

ಗಡಿಗೆ ತಂಪಾಗುವುದು ಅದರ ಮೈಯಿಂದ ನೀರು ಜಿನುಗಿ ಆವಿಯಾಗಿ ಹೋಗುವುದರಿಂದ. ಆವಿಯಾಗುವಾಗ ಅದು ಒಳಗಿನ ನೀರಿನ ಬಿಸಿಯನ್ನೇ ಎಳೆದುಕೊಂಡು ಹೋಗುತ್ತದೆ. ನಮ್ಮ ಬೇಸಿಗೆ ಗಾಳಿ ಒಣ ಗಾಳಿ, ಎಷ್ಟು ನೀರಾದರೂ ಹೀರುತ್ತದೆ. ಅಂದರೆ ಗಾಳಿ ಒಣಗಿದಷ್ಟೂ ಹರವಿ ತಂಪು. ನಿಮ್ಮದು ಅಪಾರ್ಟ್‌ಮೆಂಟ್ ಅಡುಗೆಮನೆ ಇರಬೇಕು, ಗಾಳಿ ಆಡುವುದಿಲ್ಲ. ಕಿಟಕಿ ಹತ್ತಿರ ಇಡಿ. ಇನ್ನೊಂದು, ಗಡಿಗೆಗೆ ಬಣ್ಣ ಅಥವಾ ಪಾಲಿಶ್ ಹಚ್ಚಿದ್ದಾರಾ ನೋಡಿ. ಹಚ್ಚಿದ್ದರೆ ಸೂಕ್ಷ್ಮ ತೂತುಗಳೆಲ್ಲ ಮುಚ್ಚಿರುತ್ತವೆ, ಅದು ಶೋಕೇಸಿಗೆ ಮಾತ್ರ.

ಉಪ್ಪಿನಕಾಯಿ ಭರಣಿ (ಬಳ್ಳಾರಿ)

ಕೆಳಗೆ ಒದ್ದೆ ಮರಳು ಹಾಕು ಮಗಾ, ಸುತ್ತ ಒದ್ದೆ ಬಟ್ಟೆ ಕಟ್ಟು. ಒಳಗೆ ಸೋಪು ಹಾಕಿ ತಿಕ್ಕಬೇಡ, ವಾಸನೆ ಹೋಗುವುದಿಲ್ಲ. ಹಳೆಯದಾದರೆ ಜಿನುಗುವುದು ಕಡಿಮೆ ಆಗುತ್ತದೆ, ವರ್ಷಕ್ಕೊಂದು ಹೊಸದು ತರಬೇಕು. ಲಾವಂಚದ ಬೇರು ಒಂದು ಹಿಡಿ ಹಾಕಿದರೆ ನೀರಿಗೆ ಘಮ ಬರುತ್ತದೆ.

ನುಚ್ಚು ಮಜ್ಜಿಗೆ (ಸಿರುಗುಪ್ಪ)

ಇಷ್ಟು ಹೊತ್ತಾದರೂ ಯಾರೂ ಊಟದ ವಿಷಯಕ್ಕೆ ಬರಲಿಲ್ಲವಲ್ಲ ಅಂತ ಕಾಯುತ್ತಿದ್ದೆ. ಮಿರ್ಚಿ ಗಿರ್ಚಿ ಎಲ್ಲ ಸಂಜೆ ಮಾತು. ಬೇಸಿಗೆ ಮಧ್ಯಾಹ್ನಕ್ಕೆ ಜೋಳದ ನುಚ್ಚು ಮತ್ತು ಮಜ್ಜಿಗೆ. ರಾತ್ರಿಯೇ ನುಚ್ಚು ಬೇಯಿಸಿ ಮುಚ್ಚಿಡಬೇಕು, ಬೆಳಿಗ್ಗೆಗೆ ಗಟ್ಟಿಯಾಗಿರುತ್ತದೆ. ಅದನ್ನು ಕೈಯಿಂದಲೇ ಹಿಸುಕಿ ಹುಳಿ ಮಜ್ಜಿಗೆ ಸುರಿದು ಉಪ್ಪು, ಹಸಿ ಉಳ್ಳಾಗಡ್ಡಿ. ಉಳ್ಳಾಗಡ್ಡಿ ಚಾಕುವಿನಿಂದ ಕತ್ತರಿಸಬಾರದು, ಮುಷ್ಟಿಯಿಂದ ಗುದ್ದಿ ಒಡೆಯಬೇಕು. ಬಾಯಿಗೆ ಕರಿದ ಮಜ್ಜಿಗೆ ಮೆಣಸಿನಕಾಯಿ. ಹೊಲದಿಂದ ಬಂದು ಇದನ್ನು ಉಂಡವನು ಎರಡು ಗಂಟೆ ಏಳುವುದಿಲ್ಲ. ಡಾಕ್ಟರು ಈಗ ಸಿರಿಧಾನ್ಯ ತಿನ್ನಿ ಅಂತ ಚೀಟಿ ಬರೆದುಕೊಡುತ್ತಾರೆ, ನಮ್ಮಜ್ಜ ಚೀಟಿ ಇಲ್ಲದೆ ತಿಂದ.

ಯುಗಾದಿಯ ಬೇವು ಬೇರೆ ಇದೆ. ಮೈಸೂರು ಕಡೆಯವರು ಒಂದು ಚಿಟಿಕೆ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಮುಗಿಸುತ್ತಾರೆ. ನಮ್ಮ ಕಡೆ ಬೇವು ಕುಡಿಯುವುದು. ಪುಟಾಣಿ ಹಿಟ್ಟು, ಬೆಲ್ಲ, ಮಾವಿನಕಾಯಿ, ಬೇವಿನ ಹೂವು ಹಾಕಿ ಕೊಡಗಟ್ಟಲೆ ಮಾಡಿ ಮನೆಮನೆಗೆ ಹಂಚುತ್ತೇವೆ. ಪ್ರತಿ ಮನೆಯದೂ ಒಂದೊಂದು ರುಚಿ, ಯಾರದ್ದು ಚೆನ್ನಾಗಿತ್ತು ಅಂತ ಮುಂದಿನ ಯುಗಾದಿವರೆಗೆ ಮಾತು.

ಕೃಷ್ಣೆ ದಂಡೆ (ರಾಯಚೂರು)

ನುಚ್ಚಿನ ವಿಷಯಕ್ಕೆ ನನ್ನ ವಿರೋಧ ಇಲ್ಲ. ಸುಖದ ಪಟ್ಟಿಯಲ್ಲಿ ಇದೂ ಇರಲಿ.

ಕರಡಿ ಕಂಡವ (ದರೋಜಿ ಕಡೆ)

ಹಣ್ಣು ಬಿಟ್ಟಿರಲ್ಲ. ಪೇಟೆ ಹಣ್ಣಲ್ಲ, ಗುಡ್ಡದ ಹಣ್ಣು. ಮೇ ತಿಂಗಳಲ್ಲಿ ಕವಳೆ ಹಣ್ಣು, ಕರ್ರಗೆ ಗೋಲಿ ಗಾತ್ರ, ಮುರಿದರೆ ಬಿಳಿ ಹಾಲು, ತಿಂದರೆ ತುಟಿ ಅಂಟು. ತುಮರಿ ಹಣ್ಣು, ಆಮೇಲೆ ನೇರಳೆ. ಇಲಾಚಿ ಹುಣಸೆ ಕಾಯಿಗೆ ಕೊಕ್ಕೆ ಕೋಲು ಹಿಡಿದು ಶಾಲೆ ಹುಡುಗರು ಸುತ್ತುತ್ತಾರೆ. ಇದೆಲ್ಲ ಯಾರೂ ಬೆಳೆದದ್ದಲ್ಲ, ಯಾರೂ ಮಾರುವುದೂ ಇಲ್ಲ. ಮೊದಲು ಹೋದವನಿಗೆ ಸಿಕ್ಕಿತು.

ಆದರೆ ಮೊದಲು ಹೋಗುವವನು ಕರಡಿ ಆಗಿರಬಹುದು, ಅದನ್ನು ನೆನಪಿಡಿ. ದರೋಜಿ ಕರಡಿಧಾಮ 1994ರಲ್ಲಿ ಆದದ್ದು, ಆದರೆ ಕರಡಿಗೆ ಬೇಲಿ ಗೊತ್ತಿಲ್ಲ. ಅವಕ್ಕೂ ಕವಳೆ, ಕಾರೆ, ಗೆದ್ದಲು, ಜೇನು ಇಷ್ಟ. ನಸುಕು ಮತ್ತು ಮುಸ್ಸಂಜೆ ಪೊದೆಗಳ ಕಡೆ ಒಬ್ಬರೇ ಹೋಗಬೇಡಿ, ಮಾತಾಡುತ್ತಾ ಸದ್ದು ಮಾಡುತ್ತಾ ಹೋಗಿ. ಕರಡಿ ಮೇಲೆ ಬೀಳುವುದು ಸಾಮಾನ್ಯವಾಗಿ ಬೆಚ್ಚಿಬಿದ್ದಾಗ. ಮರಿ ಬೆನ್ನ ಮೇಲಿದ್ದರೆ ಇನ್ನೂ ಜಾಸ್ತಿ. ಹಣ್ಣು ಎಲ್ಲವನ್ನೂ ಕಿತ್ತು ತರಬೇಡಿ, ಅವು ಊರೊಳಗೆ ಬರುವುದು ಅಲ್ಲಿ ಏನೂ ಸಿಗದಿದ್ದಾಗ.

ಹಕ್ಕಿ ನೋಡುವವರು ಇದ್ದರೆ ಬಂಡೆಗಳ ಕಡೆ ಹಳದಿ ಕತ್ತಿನ ಪಿಕಳಾರ ಹುಡುಕಿ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಬಿಟ್ಟರೆ ಬೇರೆ ಕಡೆ ಸಿಗದ ಹಕ್ಕಿ. ನೀರಿನ ಗುಂಡಿ ಹತ್ತಿರ ಕದಲದೆ ಕೂತರೆ ಬೇಸಿಗೆಯಲ್ಲಿ ತಾನೇ ಬರುತ್ತದೆ. ಮಳೆಗಾಲದಲ್ಲಿ ಎಲ್ಲ ಕಡೆ ನೀರು, ನಿಮ್ಮ ಮುಂದೆ ಅದು ಯಾಕೆ ಬರಬೇಕು?

ಬೆಂಡು ಕಟ್ಟಿದವ (ಕಂಪ್ಲಿ)

ಬಾವಿ ಈಜು. ಕತ್ತಾಳೆ ಹೂವಿನ ಕಂಬ ಒಣಗಿದ ಮೇಲೆ ಕಡಿದು ಬೆನ್ನಿಗೆ ಕಟ್ಟುತ್ತಿದ್ದರು, ಹಗುರ, ಮುಳುಗುವುದಿಲ್ಲ. ದಿನಕ್ಕೆ ಒಂದೊಂದು ತುಂಡು ಕಡಿಮೆ ಮಾಡುತ್ತಾ ಹೋಗಿ ಒಂದು ದಿನ ಮಾವ ಹೇಳದೆ ಕೇಳದೆ ಪೂರ್ತಿ ಬಿಚ್ಚಿ ತಳ್ಳಿಬಿಡುತ್ತಿದ್ದ. ಅಷ್ಟೇ, ಈಜು ಬಂತು. ಈಗ ಬಾವಿಗಳಲ್ಲಿ ನೀರಿಲ್ಲ, ಇದ್ದರೂ ಮೆಟ್ಟಿಲಿಲ್ಲ. ಹುಡುಗರು ಕಾಲುವೆಗೆ ಹೋಗುತ್ತಾರೆ. ಬೇಡ ಅಂತ ಹೇಳಿ. ತುಂಗಭದ್ರಾ ಕಾಲುವೆಯ ಸೆಳೆತ ಮೇಲೆ ಕಾಣುವುದಿಲ್ಲ, ಇಳಿಜಾರಿನ ಕಲ್ಲಿಗೆ ಪಾಚಿ, ಹಿಡಿಯಲು ಏನೂ ಸಿಗುವುದಿಲ್ಲ. ಹಳೇ ಗಣಿ ಗುಂಡಿಗಳಿಗಂತೂ ಹತ್ತಿರವೂ ಹೋಗಬಾರದು, ದಂಡೆಯೇ ಕುಸಿಯುತ್ತದೆ.

ಲೆಕ್ಕದ ಮೇಷ್ಟ್ರು (ತೋರಣಗಲ್ಲು)

ಮಕ್ಕಳಿಗೆ ಖರ್ಚಿಲ್ಲದ ಒಂದು ಆಟ ಹೇಳುತ್ತೇನೆ. ಮೇ ತಿಂಗಳ ಮೊದಲ ವಾರದಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮೊದಲು ಸಂಡೂರು, ಬಳ್ಳಾರಿ, ಹಿಂದೆಯೇ ಕೊಪ್ಪಳ, ಇನ್ನೂ ಮೂರು ನಾಲ್ಕು ದಿನ ಬಿಟ್ಟು ರಾಯಚೂರು. ಮಧ್ಯಾಹ್ನ 12 ಗಂಟೆ 20 ನಿಮಿಷದ ಆಸುಪಾಸು ಅಂಗಳದಲ್ಲಿ ಒಂದು ಲೋಟ ಬೋರಲು ಹಾಕಿ. ನೆರಳು ಪೂರ್ತಿ ಅದರ ಕೆಳಗೇ ಅಡಗಿಬಿಡುತ್ತದೆ. ಬೆಂಗಳೂರಿನಲ್ಲಿ ಇದು ಏಪ್ರಿಲ್ ಕೊನೆಗೇ ಆಗುತ್ತದೆ. ದೆಹಲಿಯವರಿಗೆ ಈ ಭಾಗ್ಯ ಯಾವತ್ತೂ ಇಲ್ಲ, ಅವರು ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಇದ್ದಾರೆ. ಟೋಪಿ ಹಾಕಿಕೊಂಡು ನೋಡಿ, ಐದು ನಿಮಿಷ ಸಾಕು.

ರಾತ್ರಿಗೂ ಒಂದಿದೆ. ಮೇ ತಿಂಗಳಲ್ಲಿ ಊಟವಾದ ಮೇಲೆ ಮಾಳಿಗೆ ಮೇಲಿಂದ ದಕ್ಷಿಣಕ್ಕೆ ಕೆಳಗೆ ನೋಡಿದರೆ ತ್ರಿಶಂಕು ನಕ್ಷತ್ರ ಕಾಣುತ್ತದೆ. ಬಯಲಿನವರಿಗೆ ಸುಲಭ. ಸಂಡೂರಿನವರಿಗೆ ಗುಡ್ಡ ಅಡ್ಡ ಬಂದರೆ ನಾನು ಜವಾಬ್ದಾರನಲ್ಲ.

ಕೃಷ್ಣೆ ದಂಡೆ (ರಾಯಚೂರು)

ನೋಡಿದಿರಾ, ಕೊನೆಗೂ ರಾಯಚೂರಿಗೆ ಒಂದು ಅನುಕೂಲ ಬಂತು. ನಮಗೆ ಅಡ್ಡ ಬರಲು ಒಂದು ಗುಡ್ಡವೂ ಇಲ್ಲ. ಹೊಸೂರಿನ ಅಕ್ಕ ಭಾವನ ಮಕ್ಕಳು ರಜೆಗೆ ಬಂದಿದ್ದಾರೆ, ಲೋಟದ ಆಟ ಮಾಡಿಸುತ್ತೇನೆ.

ಮಾಳಿಗೆ ಮನೆ (ಕೊಪ್ಪಳ)

ಮಲ್ಲಿಗೆಯನ್ನು ಯಾರೂ ಬರೆಯಲಿಲ್ಲ, ಬರೆದವರಲ್ಲಿ ಗಂಡಸರೇ ಜಾಸ್ತಿ ಅಂತ ಅಲ್ಲೇ ಗೊತ್ತಾಗುತ್ತದೆ. ಹೂವಿನ ಹಡಗಲಿ ಮಲ್ಲಿಗೆ ಬರುವುದೂ ಈ ಬಿಸಿಲಿಗೇ. ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ, ಮೊಳ ಅಳೆಯುವ ಕೈ. ಮೊಗ್ಗು ತಂದು ಹರವಿಯ ಪಕ್ಕ ಇಟ್ಟರೆ ರಾತ್ರಿ ಮಾಳಿಗೆ ಹತ್ತುವ ಹೊತ್ತಿಗೆ ಅರಳಿರುತ್ತದೆ. ಇದು ದುಡ್ಡು ಕೊಟ್ಟದ್ದು, ನಿಯಮ ಮುರಿದೆ, ಏನು ಮಾಡುತ್ತೀರೋ ಮಾಡಿ.

ಗಂಡಿಗಾಳಿ (ಸಂಡೂರು)

ಮಲ್ಲಿಗೆಗೆ ನಿಯಮ ಸಡಿಲ ಮಾಡಿದೆ ಅಕ್ಕಾ.

ಈಗ ಇಲ್ಲಿ ಮೋಡ ಕಟ್ಟಿದೆ, ಅದಕ್ಕೆ ಬೇಗ ಬೇಗ ಬರೆಯುತ್ತಿದ್ದೇನೆ. ಭರಣಿ ನಕ್ಷತ್ರದ ಮಳೆ ಬರುವ ಹಾಗಿದೆ. ಈ ಅಡ್ಡ ಮಳೆಯ ಗಮ್ಮತ್ತೇ ಬೇರೆ. ಮೊದಲು ಎಲ್ಲ ಗಾಳಿ ನಿಲ್ಲುತ್ತದೆ, ಉಸಿರು ಕಟ್ಟಿದಂತೆ. ಆಮೇಲೆ ರಾಮನದುರ್ಗದ ಕಡೆಯಿಂದ ದೂಳೆಬ್ಬಿಸಿಕೊಂಡು ಬರುತ್ತದೆ, ಬಾಗಿಲು ಕಿಟಕಿ ದಡಾರ್, ಮಾವಿನಕಾಯಿ ಉದುರುವ ಸದ್ದು, ಹೆಂಗಸರು ಸಂಡಿಗೆ ಸೀರೆ ಎತ್ತಲು ಮಾಳಿಗೆಗೆ ಓಡುವುದು. ಮಳೆ ಬರುವುದು ಅರ್ಧ ಗಂಟೆ. ಚರಂಡಿಯಲ್ಲಿ ನೀರು ಕೆಂಪಗೆ ಹರಿಯುತ್ತದೆ, ಮಕ್ಕಳು ಉದುರಿದ ಕಾಯಿಗೆ ಉಪ್ಪು ಖಾರ ಹುಡುಕುತ್ತಾರೆ. ಕರೆಂಟ್ ಹೋಗಿರುತ್ತದೆ, ಯಾರಿಗೂ ಬೇಕಾಗಿಯೂ ಇರುವುದಿಲ್ಲ.

ಲಾರಿ ರೋಡ್ (ಸಂಡೂರು ತಾಲ್ಲೂಕು)

ಇಲ್ಲೂ ಮೋಡ. ಬರಲಿ ಒಂದು ಜೋರು ಮಳೆ, ದೂಳು ಕೂರುತ್ತದೆ. ಮಳೆ ಬಿದ್ದ ಮರುದಿನ ಬೆಳಿಗ್ಗೆ ನಮ್ಮ ಮನೆ ಮುಂದಿನ ಬೇವಿನ ಮರ ಹಸಿರು ಅಂತ ಗೊತ್ತಾಗುತ್ತದೆ. ಅಣ್ಣಾ, ನಾಳೆ ಸಂಜೆ ಬರುತ್ತೇನೆ, ಮಿರ್ಚಿ ನಾನು ತರುತ್ತೇನೆ.

ಮಾಳಿಗೆ ಮನೆ (ಕೊಪ್ಪಳ)

ಮಳೆ ಅಂದಾಗ ನೆನಪಾಯಿತು. ನಮ್ಮ ಮಾಳಿಗೆಗೆ ಈ ವರ್ಷ ಇನ್ನೂ ಚೌಳು ಮಣ್ಣು ಹಾಕಿಸಿಲ್ಲ. ಮೊದಲು ಮಣ್ಣು ತರುತ್ತಿದ್ದ ತಾತ ಈಗ ಕೈಲಾಗುವುದಿಲ್ಲ ಅನ್ನುತ್ತಾರೆ. ಸಿಮೆಂಟ್ ಬಳಿಸಿಬಿಡಿ ಅಂತ ಎಲ್ಲರೂ ಸಲಹೆ ಕೊಡುತ್ತಿದ್ದಾರೆ. ಬಳಿಸಲಾ, ಬೇಡವಾ?

ಲೆಕ್ಕದ ಮೇಷ್ಟ್ರು (ತೋರಣಗಲ್ಲು)

ಬೇಡವಮ್ಮಾ. ಮಣ್ಣಿನ ಮೇಲೆ ಸಿಮೆಂಟ್ ಕೂರುವುದಿಲ್ಲ, ಬಿಸಿಲಿಗೆ ಬಿರುಕು ಬಿಟ್ಟು ಒಳಗೆ ನೀರು ನಿಲ್ಲುತ್ತದೆ, ತೊಲೆ ಕೊಳೆಯುತ್ತದೆ. ಚೌಳು ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ತಾಗಿದ ಕೂಡಲೇ ಜೇಡಿಯ ಕಣ ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ತುಂಬಿ ಮುಚ್ಚಿಬಿಡುತ್ತದೆ, ಆಮೇಲೆ ನೀರು ಕೆಳಗೆ ಇಳಿಯುವುದಿಲ್ಲ. ಯಾವ ಬೆಳೆಯೂ ಬಾರದ ಆ ಹಾಳು ಮಣ್ಣು ಸೂರಿಗೆ ಮಾತ್ರ ಸರಿಯಾದ ಮಣ್ಣು.

ನುಚ್ಚು ಮಜ್ಜಿಗೆ (ಸಿರುಗುಪ್ಪ)

ನೀರಾವರಿ ಹೊಲಗಳ ಅಂಚಿನಲ್ಲಿ ಬೆಳ್ಳಗೆ ಉಪ್ಪು ಬಿಟ್ಟ ಜಾಗ ನೋಡಿ ತಂಗಿ, ಅಲ್ಲಿ ಚೌಳು ಸಿಗುತ್ತದೆ, ಹೊಲದವರನ್ನು ಕೇಳಿದರೆ ತಕೊಂಡು ಹೋಗಿ ಅನ್ನುತ್ತಾರೆ. ಟ್ರ್ಯಾಕ್ಟರ್ ಬಾಡಿಗೆ ಮಾತ್ರ ನಿಮ್ಮದು. ತಾತನಿಗೆ ಹೊರಲು ಆಗದಿದ್ದರೂ ಮಾಳಿಗೆ ಮೇಲೆ ಕುರ್ಚಿ ಹಾಕಿ ಕೂರಿಸಿ, ಎಲ್ಲಿ ದಪ್ಪ ಎಲ್ಲಿ ತೆಳು, ನೀರು ಹೊರಗೆ ಸುರಿಯುವ ದೋಣಿ ಕಡೆಗೆ ಹೇಗೆ ವಾಟ ಕೊಡಬೇಕು ಅಂತ ಅವರೇ ಹೇಳಲಿ. ಹಳೇ ಹುಲ್ಲು ಬೇರೆಲ್ಲ ಕಿತ್ತ ಮೇಲೆ ಹಾಕಿಸಿ. ಮತ್ತೆ ಈ ವಾರವೇ ಮುಗಿಸಿ. ರೋಹಿಣಿ ಮಳೆ ಬಂತು ಅಂದರೆ ಎಲ್ಲರೂ ಬಿತ್ತನೆಗೆ ಹೋಗುತ್ತಾರೆ, ಆಳು ಸಿಗುವುದಿಲ್ಲ.